ಒಂದೇ ಹೆಸರಿನ ಸಮುರಾಯಿಗಳು: ಯಾರು ಯಾರೆಂದು ಗುರುತಿಸುವುದು ಹೇಗೆ?

ಹಳೆಯ ಜಪಾನಿನ ಸಮುರಾಯಿಗಳ ಮತ್ತು ಅರಮನೆ ಕುಲೀನರ ಹೆಸರುಗಳ ಗೊಂದಲದ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಉತ್ತರಗಳಲ್ಲಿ ಜಪಾನಿ ಪದ್ಧತಿಯಂತೆ ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ ಬರುತ್ತದೆ.

ಪ್ರಶ್ನೆ: ನಗಮಸ ಎಂಬ ಸೇನಾನಿ 1573ರಲ್ಲಿ ತನ್ನ ಕೋಟೆ ಬಿದ್ದಾಗ ಸತ್ತ ಎಂದು ಒಂದು ಕಡೆ ಓದಿದೆ. ಇನ್ನೊಂದು ಕಡೆ ನಗಮಸ 1600ರ ಸೆಕಿಗಹರ ಯುದ್ಧದಲ್ಲಿ ಗೆದ್ದವರ ಪಕ್ಷದಲ್ಲಿದ್ದಾನೆ. ಮತ್ತೊಂದು ಕಡೆ ಸಯಾಮಿನಲ್ಲಿದ್ದಾನೆ. ಯಾವುದು ಸರಿ? (ಮೈಸೂರು)

ಮೂರೂ ಸರಿ, ಏಕೆಂದರೆ ಮೂವರೂ ಬೇರೆ ಬೇರೆ. ನೀವು ಹೇಳದ ನಾಲ್ಕನೆಯವನೂ ಒಬ್ಬನಿದ್ದಾನೆ. ನಾಲ್ವರ ಹೆಸರಿನ ಉಚ್ಚಾರವಷ್ಟೇ ಅಲ್ಲ, ಬರೆಯುವ ಅಕ್ಷರಗಳೂ ಒಂದೇ.

1573ರಲ್ಲಿ ಸತ್ತವನು ಅಜೈ ನಗಮಸ. ಹುಟ್ಟಿದ್ದು 1545ರಲ್ಲಿ. ಓಮಿ ಪ್ರಾಂತದ ಉತ್ತರ ಭಾಗವನ್ನು ಆಳುತ್ತಿದ್ದ, ಕೋಟೆ ಒದನಿಯಲ್ಲಿತ್ತು. ಆ ಕಾಲದ ಪ್ರಬಲ ಸೇನಾನಾಯಕ ಒದ ನೊಬುನಗನ ತಂಗಿ ಒಇಚಿಯನ್ನು ಮದುವೆಯಾಗಿದ್ದರೂ ಭಾವನ ವಿರುದ್ಧವೇ ತಿರುಗಿ ನಿಂತ. 1570ರ ಅನೆಗವ ಯುದ್ಧದಲ್ಲಿ ಸೋತ. ಮೂರು ವರ್ಷದ ನಂತರ ಕೋಟೆಯೂ ಹೋಯಿತು, ಜೀವವೂ ಹೋಯಿತು. ಅವನ ಮೂವರು ಹೆಣ್ಣುಮಕ್ಕಳಲ್ಲಿ ಕೊನೆಯವಳು ಗೋ. ಮುಂದಿನ ಒಂದು ಉತ್ತರದಲ್ಲಿ ಅವಳು ಮತ್ತೆ ಬರುತ್ತಾಳೆ, ಹೆಸರು ನೆನಪಿಟ್ಟುಕೊಳ್ಳಿ.

ಸೆಕಿಗಹರದಲ್ಲಿ ಹೋರಾಡಿದವನು ಕುರೊದ ನಗಮಸ (1568–1623). ಯುದ್ಧದ ಬಳಿಕ ಚಿಕುಜೆನ್ ಪ್ರಾಂತ ಅವನಿಗೆ ಬಂತು. ಫುಕುಒಕ ಸಂಸ್ಥಾನದ ಮೊದಲ ದೊರೆ ಅವನೇ. ಸಯಾಮಿನ (ಈಗಿನ ಥಾಯ್ಲೆಂಡ್) ಅಯುತ್ಥಯಾದಲ್ಲಿ ಜಪಾನಿ ಪಡೆಯ ಮುಖ್ಯಸ್ಥನಾಗಿ ಹೆಸರು ಮಾಡಿ 1630ರಲ್ಲಿ ಸಯಾಮಿನ ದಕ್ಷಿಣದ ಲಿಗೋರ್‌ನಲ್ಲಿ ತೀರಿಕೊಂಡವನು ಯಮದ ನಗಮಸ. ನಾಲ್ಕನೆಯವನು ಅಸನೊ ನಗಮಸ (1547–1611): ನೊಬುನಗನ ನಂತರ ಜಪಾನನ್ನು ಒಗ್ಗೂಡಿಸಿದ ತೊಯೊತೊಮಿ ಹಿದೆಯೊಶಿಯ ಷಡ್ಡಕ, ಅವನ ಐವರು ಆಡಳಿತಾಧಿಕಾರಿಗಳಲ್ಲಿ ಒಬ್ಬ.

ಈ ನಾಲ್ವರಲ್ಲಿ ಎಡವುವುದು ಹೆಚ್ಚಾಗಿ ಕುರೊದ ಮತ್ತು ಅಸನೊ ನಡುವೆ. ಇಬ್ಬರೂ ಹಿದೆಯೊಶಿಯ ಕೈಕೆಳಗೆ ಬೆಳೆದವರು, 1600ರಲ್ಲಿ ಇಬ್ಬರೂ ಮುಂದೆ ಶೋಗುನ್ (ದೇಶವಾಳುವ ಸೇನಾಧಿಪತಿ) ಆದ ತೊಕುಗವ ಇಯೆಯಸುವಿನ ಪಕ್ಷದವರು. ‘1600ರಲ್ಲಿ ಇಯೆಯಸುವಿನ ಕಡೆಗಿದ್ದ ನಗಮಸ’ ಎಂದಷ್ಟೇ ಬರೆದರೆ ಯಾರೆಂದು ಹೇಳಲಾಗದು. ಅರಮನೆ ಕೊಟ್ಟ ಪದವಿ ನೋಡಬೇಕು. ಕಾಗದದಲ್ಲಿ ‘ಕೈ-ನೊ-ಕಮಿ’ ಎಂದಿದ್ದರೆ ಕುರೊದ, ‘ದಂಜೋ’ ಎಂದಿದ್ದರೆ ಅಸನೊ. ಅಜೈ ಆದರೆ ‘ಬಿಜೆನ್-ನೊ-ಕಮಿ’. ಅಸನೊ ಮೊದಲು ನಗಯೊಶಿ ಎಂಬ ಹೆಸರಿನಲ್ಲಿದ್ದು ಆಮೇಲೆ ನಗಮಸ ಆದವನು. ಹಾಗಾಗಿ ಅವನ ಹಳೆಯ ಪತ್ರಗಳನ್ನು ನಗಮಸ ಎಂದು ಹುಡುಕಿದರೆ ಸಿಗುವುದಿಲ್ಲ.

ಪ್ರಶ್ನೆ: ಇಷ್ಟು ಜನರಿಗೆ ಒಂದೇ ಹೆಸರು ಬರಲು ಕಾರಣವೇನು? ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಹಾಗೆಯೇ? (ಧಾರವಾಡ)

ಹಿರಿಯರ ಹೆಸರನ್ನು ಪೂರ್ತಿ ಎತ್ತಿ ಇಡುವುದು ಸಮುರಾಯಿಗಳಲ್ಲಿ ಅಪರೂಪ. ಅಲ್ಲಿ ಹರಿದು ಬರುತ್ತಿದ್ದದ್ದು ಅರ್ಧ ಹೆಸರು.

ಗಂಡುಮಗುವಿಗೆ ಹುಟ್ಟಿದಾಗ ಒಂದು ಬಾಲ್ಯದ ಹೆಸರು. ಸುಮಾರು ಹನ್ನೊಂದರಿಂದ ಹದಿನಾರರ ಪ್ರಾಯದಲ್ಲಿ ಗೆಂಪುಕು ಎಂಬ ಶಾಸ್ತ್ರ. ಕೂದಲು ಕಟ್ಟಿ, ತಲೆಗೆ ಟೋಪಿ ತೊಡಿಸಿ, ದೊಡ್ಡವನಾದ ಎಂದು ಸಾರುವ ದಿನ ಅದು. ಆಗ ಸಿಗುವ ವಿಧ್ಯುಕ್ತ ಹೆಸರೇ ಇಮಿನ. ನಾವು ಇಂದು ಪುಸ್ತಕಗಳಲ್ಲಿ ಓದುವ ನೊಬುನಗ, ಇಯೆಯಸು, ನಗಮಸ ಎಲ್ಲವೂ ಇಮಿನಗಳು. ಸಾಮಾನ್ಯವಾಗಿ ಇದರಲ್ಲಿ ಎರಡು ಕಂಜಿ (ಚೀನಾದಿಂದ ಬಂದ ಲಿಪಿ) ಅಕ್ಷರಗಳಿರುತ್ತವೆ.

ಒಂದು ಅಕ್ಷರ ಮನೆತನದ್ದು. ಇದಕ್ಕೆ ತ್ಸೂಜಿ ಎನ್ನುತ್ತಾರೆ. ಅಶಿಕಗ ಶೋಗುನ್‌ಗಳಿಗೆ ‘ಯೊಶಿ’, ತೊಕುಗವರಿಗೆ ‘ಇಯೆ’, ಒದ ಮತ್ತು ತಕೆದ ಎರಡೂ ಮನೆತನಗಳಿಗೆ ‘ನೊಬು’, ದತೆಯವರಿಗೆ ‘ಮುನೆ’, ಶಿಮಜುವಿನವರಿಗೆ ‘ಹಿಸ’, ಮೋರಿಯವರಿಗೆ ‘ಮೊತೊ’. ಅಸನೊ ಮನೆತನದಲ್ಲಿ ‘ನಗ’ ಉಳಿದುಬಂತು. ನಲವತ್ತೇಳು ರೋನಿನ್‌ಗಳು (ಒಡೆಯನಿಲ್ಲದ ಸಮುರಾಯಿಗಳು) ಯಾರ ಸಾವಿಗೆ ಸೇಡು ತೀರಿಸಿಕೊಂಡರೋ ಆ ದೊರೆ ಅಸನೊ ನಗನೊರಿ ಕೂಡ ಮೇಲೆ ಹೇಳಿದ ಅಸನೊ ನಗಮಸನ ವಂಶದವನೇ.

ಇನ್ನೊಂದು ಅಕ್ಷರ ಹಲವು ಸಲ ಒಡೆಯನ ಕೊಡುಗೆ. ಒಡೆಯ ತನ್ನ ಹೆಸರಿನ ಒಂದು ಅಕ್ಷರವನ್ನು ಅಧೀನನಿಗೆ ಕೊಡುತ್ತಿದ್ದ, ಪಡೆದವನು ಅದನ್ನು ತನ್ನ ಹೆಸರಿನ ಮೊದಲ ಅಕ್ಷರವಾಗಿ ಇಟ್ಟುಕೊಳ್ಳುತ್ತಿದ್ದ. ಶೋಗುನ್ ಅಶಿಕಗ ಯೊಶಿಹರು ಕೊಟ್ಟ ‘ಹರು’ವಿಗೆ ಮನೆತನದ ‘ನೊಬು’ ಸೇರಿ ತಕೆದ ಹರುನೊಬು ಆಯಿತು. ಮುಂದೆ ಶಿಂಗೆನ್ ಎಂಬ ಸನ್ಯಾಸನಾಮದಿಂದ ಪ್ರಸಿದ್ಧನಾದವನು ಇವನೇ. ಶೋಗುನ್‌ಗಳು ಬಹುಪಾಲು ಕೊಡುತ್ತಿದ್ದದ್ದು ಹೆಸರಿನ ಎರಡನೆಯ ಅಕ್ಷರವನ್ನು. ಮನೆತನದ ‘ಯೊಶಿ’ಯನ್ನೇ ಕೊಟ್ಟರೆ ಅದು ಇನ್ನೂ ದೊಡ್ಡ ಗೌರವ. ಶಿಮಜು ಯೊಶಿಹಿಸನಿಗೆ ಹಾಗೆ ಸಿಕ್ಕಿತ್ತು.

ಶುಭವೆಂದು ಒಪ್ಪಿಕೊಂಡ ಅಕ್ಷರಗಳು ಮೊದಲೇ ಸೀಮಿತ. ಅದರಲ್ಲಿ ಒಂದನ್ನು ಮನೆತನ ಕಟ್ಟಿಹಾಕಿತು, ಇನ್ನೊಂದನ್ನು ಒಡೆಯ ಕಟ್ಟಿಹಾಕಿದ. ಒಬ್ಬ ಒಡೆಯನ ಕೆಳಗೆ ನೂರಾರು ಮನೆತನಗಳು. ಹೆಸರುಗಳು ಡಿಕ್ಕಿ ಹೊಡೆಯದೆ ಇರಲು ಸಾಧ್ಯವೇ ಇರಲಿಲ್ಲ. ಅದರಿಂದ ಅವರಿಗೆ ದಿನನಿತ್ಯದ ತೊಂದರೆಯೂ ಇರಲಿಲ್ಲ. ಇಮಿನ ಹಿಡಿದು ಒಬ್ಬರನ್ನು ಕರೆಯುವುದು ಅಗೌರವ. ಕರೆಯಲು ಬೇರೆ ಹೆಸರಿತ್ತು, ಪದವಿಯಿತ್ತು. ಕತೊ ಕಿಯೊಮಸನನ್ನು ಎಳೆಯನಾಗಿದ್ದಾಗ ತೊರನೊಸುಕೆ ಎಂದೂ ದೊಡ್ಡವನಾದ ಮೇಲೆ ಕಜುಎ-ನೊ-ಕಮಿ ಎಂದೂ ಕರೆದರು. ಇಷಿದ ಮಿತ್ಸುನರಿ ಎಲ್ಲರಿಗೂ ‘ಜಿಬು’. ಇಮಿನವನ್ನೇ ಮುಖ್ಯ ಹೆಸರಾಗಿ ಹಿಡಿದಿರುವುದು ನಮ್ಮ ಕಾಲದ ಪುಸ್ತಕಗಳು. ಗೊಂದಲ ಹುಟ್ಟಿದ್ದು ಅಲ್ಲಿ.

ಕೊಟ್ಟ ಅಕ್ಷರ ಶಾಶ್ವತವೂ ಅಲ್ಲ. ನಿಷ್ಠೆ ಬದಲಾದರೆ ಹೆಸರೂ ಬದಲು. ಇಯೆಯಸು ಬಾಲ್ಯದಲ್ಲಿ ತಕೆಚಿಯೊ. ಇಮಗವ ಯೊಶಿಮೊತೊವಿನ ಒತ್ತೆಯಾಳಾಗಿದ್ದಾಗ ಅವನ ‘ಮೊತೊ’ ಪಡೆದು ಮೊತೊನೊಬು, ಆಮೇಲೆ ಮೊತೊಯಸು. ಯೊಶಿಮೊತೊ 1560ರಲ್ಲಿ ಒಕೆಹಜಮದಲ್ಲಿ ಸತ್ತ. 1563ರಲ್ಲಿ ‘ಮೊತೊ’ವನ್ನು ಕಳಚಿಟ್ಟು ಇಯೆಯಸು ಆದ. ಉಯೆಸುಗಿ ಕೆನ್‌ಶಿನ್ ಮೊದಲು ನಗಒ ಕಗೆತೊರ. 1561ರಲ್ಲಿ ಉಯೆಸುಗಿ ನೊರಿಮಸ ಅವನನ್ನು ದತ್ತು ತೆಗೆದುಕೊಂಡು ‘ಮಸ’ ಕೊಟ್ಟಾಗ ಮಸತೊರ. ಅದೇ ವರ್ಷದ ಕೊನೆಗೆ ಶೋಗುನ್ ಯೊಶಿತೆರು ‘ತೆರು’ ಕೊಟ್ಟಾಗ ತೆರುತೊರ. ಕೆನ್‌ಶಿನ್ ಎಂಬ ಬೌದ್ಧ ನಾಮ 1570ರದ್ದು. 1555ರ ಕಾಗದದಲ್ಲಿ ‘ಕೆನ್‌ಶಿನ್’ ಎಂದು ಕಂಡರೆ ಆ ಕಾಗದವನ್ನೇ ಅನುಮಾನಿಸಬೇಕು.

ಪ್ರಶ್ನೆ: ನಾಗೋಯಾದಲ್ಲಿ ಕೆಲಸದ ಮೇಲಿದ್ದೇನೆ. ಹತ್ತಿರದ ಮಿಕವ ಪ್ರದೇಶದಲ್ಲಿ ಎಲ್ಲಿ ಹೋದರೂ ಮತ್ಸುದೈರ ಇಯೆತದ ಎಂಬ ಹೆಸರು ಸಿಗುತ್ತದೆ. ಸತ್ತ ವರ್ಷ ಮಾತ್ರ ಒಂದೊಂದು ಕಡೆ ಒಂದೊಂದು. ಫಲಕಗಳು ತಪ್ಪೇ? (ನಾಗೋಯಾ, ಜಪಾನ್)

ಫಲಕಗಳು ತಪ್ಪಲ್ಲ. ಜಪಾನಿ ಇತಿಹಾಸದ ಅತಿ ಕಠಿಣವಾದ ಹೆಸರಿನ ಗಂಟು ನಿಮ್ಮ ಮನೆಯ ಹತ್ತಿರವೇ ಇದೆ. ಮನೆತನ ಒಂದೇ, ಹೆಸರು ಒಂದೇ, ಅಕ್ಷರಗಳು ಒಂದೇ, ಒಡೆಯನೂ ಒಬ್ಬನೇ (ಇಯೆಯಸು), ಕಾಲವೂ ಒಂದೇ. ಹೀಗೆ ಮೂವರು ಮತ್ಸುದೈರ ಇಯೆತದರಿದ್ದರು.

ಇಯೆಯಸುವಿನ ಮೂಲ ಮನೆತನವಾದ ಮತ್ಸುದೈರ ದೊಡ್ಡ ಬಳ್ಳಿ. ಮಿಕವದ ಒಂದೊಂದು ಊರಿನಲ್ಲಿ ನೆಲೆಸಿದ ಶಾಖೆಗಳನ್ನು ಊರಿನ ಹೆಸರಿನಿಂದಲೇ ಕರೆಯುತ್ತಾರೆ. ಫುಕೋಜು ಶಾಖೆಯ ಇಯೆತದ (1555–1600) ಈಗಿನ ಕೋತ ಪಟ್ಟಣದವನು. ಕತಹರ ಶಾಖೆಯ ಇಯೆತದ (1547–1582) ಈಗಿನ ಗಮಗೋರಿ ನಗರದ ಕಡೆಯವನು. ತೋಜೋ ಶಾಖೆಯ ಇಯೆತದ (1556–1581) ಈಗಿನ ನಿಶಿಒ ನಗರದ ಕಡೆಯವನು. ‘ತದ’ ಎಂಬ ಅಕ್ಷರ ಮತ್ಸುದೈರ ಶಾಖೆಗಳಲ್ಲಿ ಬೇರೂರಿತ್ತು. ಫುಕೋಜು ಇಯೆತದನ ತಂದೆ ಕೊರೆತದ, ತೋಜೋ ಇಯೆತದನ ತಂದೆ ತದಶಿಗೆ. ಕತಹರದಲ್ಲಿ ‘ಇಯೆ’ಯೂ ಆಗಲೇ ಇತ್ತು, ಅಲ್ಲಿ ತಂದೆಯ ಹೆಸರು ಇಯೆಹಿರೊ.

ಬಿಡಿಸುವ ಕ್ರಮ ಹೀಗೆ. ಮೊದಲು ವರ್ಷ ನೋಡಿ. ಘಟನೆ 1582ರ ನಂತರದ್ದಾದರೆ ಉಳಿದಿರುವವನು ಫುಕೋಜುವಿನವನೊಬ್ಬನೇ, ಅಲ್ಲಿಗೆ ಕೆಲಸ ಮುಗಿಯಿತು. 1581ಕ್ಕೆ ಮುಂಚಿನದಾದರೆ ಮೂವರೂ ಬದುಕಿದ್ದರು, ಆಗ ಪದವಿ ಅಥವಾ ಕರೆಯುವ ಹೆಸರು ನೋಡಿ. ಫುಕೋಜುವಿನವನು ‘ತೊನೊಮೊ-ನೊ-ಸುಕೆ’, ಕತಹರದವನು ‘ಕಿಇ-ನೊ-ಕಮಿ’, ತೋಜೋದವನು ‘ಜಿಂತರೋ’. ಅದೂ ಇಲ್ಲದಿದ್ದರೆ ತಂದೆ ಯಾರು, ಮುಂದೆ ಆ ಸ್ಥಾನ ಯಾರಿಗೆ ಬಂತು ಎಂದು ಕೇಳಿಕೊಳ್ಳಿ. ತೋಜೋ ಇಯೆತದನಿಗೆ ಮಕ್ಕಳಿರಲಿಲ್ಲ, ಆ ಮನೆ ಇಯೆಯಸುವಿನ ನಾಲ್ಕನೆಯ ಮಗ ತದಯೊಶಿಗೆ ಹೋಯಿತು. ಕತಹರದಲ್ಲಿ ಮಗ ಇಯೆನೊಬು ಬಂದ.

ಮೂವರಲ್ಲಿ ಇತಿಹಾಸಕಾರರು ಹೆಚ್ಚು ಉಲ್ಲೇಖಿಸುವುದು ಫುಕೋಜು ಇಯೆತದನನ್ನು, ಅವನು ಬರೆದಿಟ್ಟ ದಿನಚರಿಗಾಗಿ. 1577ರಿಂದ 1594ರವರೆಗಿನ ಆ ದಿನಚರಿಯಲ್ಲಿ ಹವೆ, ಕೋಟೆ ಕಟ್ಟುವ ಕೆಲಸ, ಸಾಲುಗವಿತೆಯ ಗೋಷ್ಠಿ ಎಲ್ಲವೂ ಇದೆ. ಇಯೆಯಸುವಿನ ಮನೆಯೊಳಗಿನ ದಿನದಿನದ ಬದುಕಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಸಿಗುವುದು ಕಷ್ಟ. 1600ರಲ್ಲಿ ಫುಶಿಮಿ ಕೋಟೆ ಬಿದ್ದಾಗ ಒಳಗಿದ್ದು ಸತ್ತವನೂ ಅವನೇ. ಆ ಶಾಖೆಯ ಸಮಾಧಿಗಳು ಕೋತದ ಹೊಂಕೋಜಿ ದೇವಾಲಯದಲ್ಲಿವೆ. ನಾಗೋಯಾದಿಂದ ಹೋಗಿ ಬರಬಹುದಾದ ದೂರ, ಒಮ್ಮೆ ನೋಡಿ ಬನ್ನಿ.

ಇದೇ ಬಗೆಯ ಇನ್ನೊಂದು ಜೋಡಿ ಸಕೈ ತದಕತ್ಸು. ಒಬ್ಬ ಒಬಮ ಸಂಸ್ಥಾನದವನು (1587–1662), ಪದವಿ ಸನುಕಿ-ನೊ-ಕಮಿ, 1638ರಲ್ಲಿ ಶೋಗುನ್ ಸರ್ಕಾರದ ಅತ್ಯುಚ್ಚ ಹುದ್ದೆಯಾದ ತೈರೋಗೆ ಏರಿದ. ಇನ್ನೊಬ್ಬ ಶೋನೈ ಸಂಸ್ಥಾನದವನು (1594–1647), ಪದವಿ ಕುನೈ, 1622ರಲ್ಲಿ ತ್ಸುರುಗಒಕ ಕೋಟೆಗೆ ಬಂದ. ಇಬ್ಬರದೂ ಒಂದೇ ಅಕ್ಷರಗಳು. ಇಲ್ಲಿ ಮನೆತನದ ಲಾಂಛನ ನೋಡಿ ತೀರ್ಮಾನಿಸಲು ಹೋದರೆ ಎಡವುತ್ತೀರಿ, ಎರಡೂ ಕಡೆ ಇರುವುದು ಒಂದೇ ಗಿಡದ ಮೂರೆಲೆ. ಒಬಮದವರದ್ದರಲ್ಲಿ ಎಲೆಗಳ ನಡುವೆ ಕತ್ತಿಯ ಅಲಗುಗಳಿವೆ, ಸವೆದ ಕಲ್ಲಿನಲ್ಲಿ ಅದು ಕಾಣುವುದಿಲ್ಲ. ಇವರ ಜೊತೆಗೆ ಇಯೆಯಸುವಿನ ವೀರ ಸೇನಾನಿ ಹೊಂದ ತದಕತ್ಸುವನ್ನು (1548–1610) ಸೇರಿಸಿಕೊಳ್ಳಬೇಡಿ, ಅವನ ಮನೆತನವೇ ಬೇರೆ.

ಪದವಿಯನ್ನು ಒಂಟಿಯಾಗಿ ನಂಬಲೂ ಬಾರದು. ಅದು ತಂದೆಯಿಂದ ಮಗನಿಗೆ ಇಳಿಯುತ್ತದೆ, ಬಡ್ತಿಯಲ್ಲಿ ಬದಲಾಗುತ್ತದೆ. 1615ರ ಅರಮನೆ ಕಟ್ಟಳೆಯಲ್ಲಿ ಸಮುರಾಯಿಗಳ ಪದವಿಗಳನ್ನು ಅರಮನೆ ಕುಲೀನರ ಲೆಕ್ಕದಿಂದ ಹೊರಗಿಟ್ಟರು. ಆ ಮೇಲೆ ಒಂದೇ ಪದವಿಯನ್ನು ಹಲವರು ಏಕಕಾಲಕ್ಕೆ ಹೊತ್ತರು. ಮತ್ಸುದೈರ ಎಂಬ ಮನೆತನದ ಹೆಸರನ್ನೂ ತೊಕುಗವರು ದೊಡ್ಡ ದೈಮ್ಯೋಗಳಿಗೆ (ಪ್ರಾಂತೀಯ ದೊರೆಗಳಿಗೆ) ಗೌರವವಾಗಿ ಕೊಟ್ಟರು. ಎದೊ ಕಾಲದ (ತೊಕುಗವ ಶೋಗುನ್‌ಗಳು ಎದೊ ನಗರದಿಂದ ಆಳಿದ ಕಾಲದ) ಕಾಗದದಲ್ಲಿ ‘ಮತ್ಸುದೈರ ಮುತ್ಸು-ನೊ-ಕಮಿ’ ಎಂದಿದ್ದರೆ ಅದು ಬಹುಪಾಲು ಸೆಂದೈಯ ದತೆ ದೊರೆ. ಎದೊ ಕಾಲದವರ ಬಗ್ಗೆ ಅನುಮಾನ ಬಂದರೆ ಆಗಿನ ಪುಸ್ತಕ ವ್ಯಾಪಾರಿಗಳು ಮುದ್ರಿಸಿ ಮಾರುತ್ತಿದ್ದ ಬುಕನ್ ಎಂಬ ದೈಮ್ಯೋ ಕೈಪಿಡಿ ನೋಡಿ. ಹೆಸರು, ಪದವಿ, ಲಾಂಛನ, ಆದಾಯ, ಎದೊದಲ್ಲಿನ ಬಿಡಾರ ಎಲ್ಲ ಒಂದೇ ಕಡೆ ಸಿಗುತ್ತದೆ. ಆ ವರ್ಷದ ಆವೃತ್ತಿಯನ್ನೇ ತೆಗೆಯಬೇಕು, ಹತ್ತು ವರ್ಷ ಆಚೀಚೆಯಾದರೆ ಮಗನ ಹೆಸರು ತಂದೆಯದೆಂದು ತೋರುತ್ತದೆ.

ಪ್ರಶ್ನೆ: ಮಿನಮೊತೊ ನೊ ಯೊರಿತೊಮೊ ಎನ್ನುವಾಗ ನಡುವೆ ‘ನೊ’ ಇದೆ. ಅಶಿಕಗ ತಕಉಜಿ ಎನ್ನುವಾಗ ಇಲ್ಲ. ಯಾಕೆ? (ಕಲಬುರಗಿ)

‘ನೊ’ ಎಂದರೆ ನಮ್ಮ ಷಷ್ಠಿ ವಿಭಕ್ತಿ. ಮಿನಮೊತೊ, ತೈರ, ಫುಜಿವರ ಇವು ಪ್ರಾಚೀನ ಕುಲಗಳು, ಅವುಗಳ ಜೊತೆ ‘ನೊ’ ಬರುತ್ತದೆ. ಅಶಿಕಗ, ಕುಜೋ, ಒದ ಇವು ಊರು ಅಥವಾ ಬಿಡಾರದಿಂದ ಬಂದ ಮನೆತನದ ಹೆಸರುಗಳು, ಅವಕ್ಕೆ ‘ನೊ’ ಇಲ್ಲ. ಒಬ್ಬನಿಗೇ ಎರಡೂ ಇರಬಹುದು. ಕುಜೋ ಯೊಶಿತ್ಸುನೆ ಮತ್ತು ಫುಜಿವರ ನೊ ಯೊಶಿತ್ಸುನೆ ಒಬ್ಬನೇ. ಇಬ್ಬರೆಂದು ಎಣಿಸಿಬಿಡುವ ತಪ್ಪು ಇಲ್ಲಿ ಸುಲಭವಾಗಿ ಆಗುತ್ತದೆ.

ಪ್ರಶ್ನೆ: ಒಂದೇ ಹೆಸರಿನಿಂದ ಆ ಕಾಲದವರಿಗೇ ಎಂದಾದರೂ ತೊಡಕಾಗಿತ್ತೇ? (ಶಿವಮೊಗ್ಗ)

ಆಗಿತ್ತು. ಸರ್ಕಾರವೇ ಒಬ್ಬನ ಹೆಸರನ್ನು ಅವನನ್ನು ಕೇಳದೆ ಎರಡು ಸಲ ಬದಲಿಸಿತು.

ಮಿನಮೊತೊ ನೊ ಯೊಶಿತ್ಸುನೆ (1159–1189) 1185ರಲ್ಲಿ ದನ್-ನೊ-ಉರದ ಕಡಲಕಾಳಗದಲ್ಲಿ ತೈರ ಕುಲವನ್ನು ಮುಗಿಸಿದ ವೀರ. ಅದೇ ವರ್ಷ ಅಣ್ಣ ಯೊರಿತೊಮೊವಿನ ಜೊತೆ ಮುರಿದುಬಿದ್ದು ತಲೆತಪ್ಪಿಸಿಕೊಂಡ. ಅವನನ್ನು ಹಿಡಿಯಬೇಕೆಂದು ಅರಮನೆಯಿಂದ ಆಜ್ಞೆಗಳು ಹೊರಡತೊಡಗಿದವು. ಆಗ ಕ್ಯೋಟೊದಲ್ಲಿ ಅಧಿಕಾರದ ತುದಿಯಲ್ಲಿದ್ದವನು ಕುಜೋ ಕನೆಜನೆ. ಅವನ ಮಗನ ಹೆಸರೂ ಯೊಶಿತ್ಸುನೆ (1169–1206). ಮೊದಲ ಅಕ್ಷರ ಬೇರೆ: ಯೋಧನ ‘ಯೊಶಿ’ ಧರ್ಮ ಎಂಬರ್ಥದ್ದು, ಕುಲೀನನ ‘ಯೊಶಿ’ ಒಳ್ಳೆಯದು ಎಂಬರ್ಥದ್ದು. ಓದಿ ಹೇಳಿದಾಗ ಮಾತ್ರ ಎರಡೂ ಒಂದೇ. ದೊಡ್ಡ ಮನೆಯ ಮಗನ ಹೆಸರು ರಾಜದ್ರೋಹಿಯ ಹೆಸರಾಗಿ ಊರೂರಲ್ಲಿ ಕೇಳಿಬರುವುದು ಸರಿಯಲ್ಲವೆಂದು 1186ರಲ್ಲಿ ತಲೆತಪ್ಪಿಸಿಕೊಂಡವನನ್ನು ಕಾಗದಪತ್ರಗಳಲ್ಲಿ ಯೊಶಿಯುಕಿ ಎಂದು ಮಾಡಿದರು. ಆ ‘ಯುಕಿ’ಯ ಅಕ್ಷರಕ್ಕೆ ಹೋಗು ಎಂಬ ಅರ್ಥ, ಇಡೀ ಹೆಸರು ‘ಚೆನ್ನಾಗಿ ಹೋಗುತ್ತಾನೆ’ ಎಂದೂ ಕೇಳಿಸುತ್ತದೆ. ಹಾಗೆ ಹೆಸರಿಟ್ಟಿದ್ದಕ್ಕೇ ಸಿಕ್ಕಿಬೀಳುತ್ತಿಲ್ಲವೆಂದು ಅದೇ ವರ್ಷ ಮತ್ತೆ ಬದಲಿಸಿ ಯೊಶಿಯಕಿ ಎಂದರು. ಇಲ್ಲಿನ ‘ಅಕಿ’ಗೆ ಬಯಲಾಗು ಎಂಬರ್ಥ. ಹೆಸರಿಗೆ ಅವರು ಎಷ್ಟು ಶಕ್ತಿ ಇದೆಯೆಂದು ನಂಬಿದ್ದರು ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಡ. 1186ರ ನಂತರದ ದಾಖಲೆಗಳಲ್ಲಿ ಅವನನ್ನು ಹುಡುಕುವವರು ಮೂರೂ ಹೆಸರುಗಳನ್ನು ಹಿಡಿದು ಹುಡುಕಬೇಕು.

ಕುಜೋ ಯೊಶಿತ್ಸುನೆ ಮುಂದೆ ರಾಜಪ್ರತಿನಿಧಿಯಾದ, ಒಳ್ಳೆಯ ಕವಿಯೆಂದೂ ಹೆಸರಾದ. ಶಿಂಕೊಕಿನ್‌ಶೂ ಸಂಕಲನದ ಜಪಾನಿ ಮುನ್ನುಡಿ ಅವನದು. ನೂರು ಕವಿಗಳ ಪ್ರಸಿದ್ಧ ಕವನಮಾಲೆಯಲ್ಲಿ 91ನೆಯ ಪದ್ಯ ಅವನದೇ, ಆದರೆ ಅಲ್ಲಿ ಯೊಶಿತ್ಸುನೆ ಎಂಬ ಹೆಸರೇ ಇಲ್ಲ, ‘ಗೊಕ್ಯೋಗೊಕು ರಾಜಪ್ರತಿನಿಧಿ’ ಎಂದಿದೆ.

ಮೂರನೆಯ ಯೊಶಿತ್ಸುನೆಯೂ ಅದೇ ಕಾಲದಲ್ಲಿದ್ದ. ಓಮಿ ಪ್ರಾಂತದ ಯಮಮೊತೊ ಯೊಶಿತ್ಸುನೆ 1180ರಲ್ಲಿ ತೈರರ ವಿರುದ್ಧ ಎದ್ದವನು. ಅವನೂ ಮಿನಮೊತೊ ಕುಲದವನೇ, ಹೆಸರಿನ ಅಕ್ಷರಗಳೂ ವೀರ ಯೊಶಿತ್ಸುನೆಯವೇ. ಓಮಿಯಲ್ಲಿ 1180ರಲ್ಲಿ ಮಿನಮೊತೊ ನೊ ಯೊಶಿತ್ಸುನೆ ಹೋರಾಡಿದ ಎಂಬ ಸಾಲು ಕಂಡರೆ ಅದು ಈತ.

ಪ್ರಶ್ನೆ: ಮುಮ್ಮಡಿ ಕೃಷ್ಣರಾಜ, ನಾಲ್ವಡಿ ಕೃಷ್ಣರಾಜ ಎನ್ನುವಂತೆ ಜಪಾನಿಗರು ಎಣಿಸಿದ್ದರೆ ಈ ಕಷ್ಟವೇ ಇರುತ್ತಿರಲಿಲ್ಲ ಅಲ್ಲವೇ? (ಮಂಡ್ಯ)

ಎಣಿಸುತ್ತಾರೆ, ಆದರೆ ಬೇರೆಯದನ್ನು ಎಣಿಸುತ್ತಾರೆ. ನಾಲ್ವಡಿ ಎಂದರೆ ಆ ಹೆಸರಿನ ನಾಲ್ಕನೆಯವರು. ಜಪಾನಿನಲ್ಲಿ ಎಣಿಕೆ ಮನೆತನದ ಯಜಮಾನಿಕೆಯದ್ದು. ದತೆ ಮನೆತನದಲ್ಲಿ ಇಬ್ಬರು ಮಸಮುನೆಯರು: 9ನೆಯ ಯಜಮಾನ ಮಸಮುನೆ (1353–1405), 17ನೆಯ ಯಜಮಾನ ಮಸಮುನೆ (1567–1636). ಒಂದೇ ಕಣ್ಣಿನ, ಸೆಂದೈ ನಗರ ಕಟ್ಟಿದ ಪ್ರಸಿದ್ಧ ದೊರೆ ಎರಡನೆಯವನು. ‘17ನೆಯ ಮಸಮುನೆ’ ಎಂದು ಓದಿ ಹದಿನಾರು ಮಸಮುನೆಯರು ಮುಂಚೆ ಇದ್ದರೆಂದು ತಿಳಿಯಬಾರದು.

ಹಿರಿಯರ ಹೆಸರನ್ನು ಪೂರ್ತಿ ಇಡುವುದು ಅಪರೂಪ ಎಂದೆವಲ್ಲ, ಆ ಅಪರೂಪ ನಡೆದದ್ದು ಇಲ್ಲಿ. ಮಸಮುನೆಯ ಅಜ್ಜ ಹರುಮುನೆ, ತಂದೆ ತೆರುಮುನೆ. ‘ಹರು’, ‘ತೆರು’ ಎರಡೂ ಶೋಗುನ್‌ಗಳ ಕೊಡುಗೆ. 1573ರಲ್ಲಿ ನೊಬುನಗ ಕೊನೆಯ ಅಶಿಕಗ ಶೋಗುನ್‌ನನ್ನು ಕ್ಯೋಟೊದಿಂದ ಓಡಿಸಿದ್ದ. 1577ರಲ್ಲಿ ಮಗನ ಗೆಂಪುಕು ಮಾಡಿದಾಗ ತೆರುಮುನೆ ಶೋಗುನ್‌ನ ಅಕ್ಷರ ಬಿಟ್ಟು, ಮನೆತನವನ್ನು ಮೇಲೆತ್ತಿದ ಪೂರ್ವಜನ ಹೆಸರನ್ನು ಇಡಿಯಾಗಿ ಕೊಟ್ಟ. ಖಡ್ಗ ತಯಾರಕ ಮಸಮುನೆಗೂ ಇವರಿಗೂ ಸಂಬಂಧವಿಲ್ಲ, ಅವನ ಮೊದಲ ಅಕ್ಷರ ಬೇರೆ.

ಪ್ರಶ್ನೆ: ಈ ಹೆಸರುಗಳನ್ನು ಕನ್ನಡದಲ್ಲಿ ಬರೆಯುವಾಗ ಯಾವ ನಿಯಮ ಪಾಲಿಸಬೇಕು? ಟೊಕುಗಾವಾ, ತೊಕುಗಾವ, ಟೋಕುಗವಾ ಎಲ್ಲವನ್ನೂ ನೋಡಿದ್ದೇನೆ. (ಬೆಂಗಳೂರು)

ಇಂಗ್ಲಿಷ್ ಕಾಗುಣಿತವನ್ನು ದಾಟಿ ನೇರವಾಗಿ ಜಪಾನಿ ಉಚ್ಚಾರಕ್ಕೆ ಹೋಗಿ. ಜಪಾನಿಯ ತ, ದ ದಂತ್ಯಗಳು, ಟ, ಡ ಅಲ್ಲ. ಅಕಾರ ಹ್ರಸ್ವ: ತದಕತ್ಸು ಸರಿ, ಟಾಡಾಕಾಟ್ಸು ತಪ್ಪು. ಎ–ಏ, ಒ–ಓ ಭೇದ ಕನ್ನಡದಲ್ಲಿರುವುದು ದೊಡ್ಡ ಅನುಕೂಲ. ಹೋಜೋ, ಕುಜೋ ಎಂದು ದೀರ್ಘವನ್ನು ತೋರಿಸಿ, ಒದ, ದತೆ ಎಂದು ಹ್ರಸ್ವವನ್ನು ತೋರಿಸಿ. ದತೆಯನ್ನು ‘ಡೇಟ್’ ಎಂದು ಓದಿದವರೂ ಇದ್ದಾರೆ. ಕ್ಯೋಟೊ, ಸಮುರಾಯಿ ಹೀಗೆ ಈಗಾಗಲೇ ಕನ್ನಡದಲ್ಲಿ ಬೇರೂರಿದ ರೂಪಗಳನ್ನು ಕೆದಕಬೇಡಿ.

ಇದಕ್ಕಿಂತ ಆಳವಾದ ಅಪಾಯ ಒಂದಿದೆ. ಕನ್ನಡದಲ್ಲಿ ಒಂದೇ ಆಗಿ ಕಾಣುವ ಹೆಸರು ಮೂಲದಲ್ಲಿ ಬೇರೆ ಇರಬಹುದು. ಶೋಗುನ್ ಅಶಿಕಗ ಯೊಶಿಯಕಿ, ಯಮಗತದ ಮೊಗಮಿ ಯೊಶಿಯಕಿ, ಶಿಜುಗತಕೆಯ ಏಳು ಈಟಿವೀರರಲ್ಲೊಬ್ಬನಾದ ಕತೊ ಯೊಶಿಯಕಿ: ಮೂವರೂ ಹದಿನಾರನೆಯ ಶತಮಾನದವರು, ಮೂವರ ಹೆಸರನ್ನು ಬರೆಯುವ ಬಗೆಯೂ ಬೇರೆ ಬೇರೆ. ತದ್ವಿರುದ್ಧವೂ ಉಂಟು. ಮೊಗಮಿ ಯೊಶಿಯಕಿಯ ಎರಡು ಅಕ್ಷರಗಳನ್ನು ಹಾಗೆಯೇ ತೆಗೆದುಕೊಂಡು ಹನ್ನೊಂದನೆಯ ಶತಮಾನಕ್ಕೆ ಹೋದರೆ ಅದು ಮಿನಮೊತೊ ನೊ ಯೊಶಿಮಿತ್ಸು, ತಕೆದ ಮನೆತನದ ಮೂಲಪುರುಷ. ಅಕ್ಷರ ಒಂದೇ, ಓದು ಬೇರೆ. ಹಾಗಾಗಿ ಕಂಜಿ ನೋಡಿ ಉಚ್ಚಾರವನ್ನು ಊಹಿಸಬೇಡಿ, ಉಚ್ಚಾರ ಕೇಳಿ ಕಂಜಿಯನ್ನೂ ಊಹಿಸಬೇಡಿ. ನೊಬುನಗನ ಎರಡನೆಯ ಮಗನನ್ನು ನೊಬುಒ ಎಂದೂ ನೊಬುಕತ್ಸು ಎಂದೂ ಓದುವವರಿದ್ದಾರೆ. ನೊಬುಕತ್ಸು ಎಂದು ಓದಿದರೆ ನೊಬುನಗ ಕೊಲ್ಲಿಸಿದ ತಮ್ಮ ನೊಬುಕತ್ಸು ಮತ್ತು 1582ರಲ್ಲಿ ತಂದೆ ಕತ್ಸುಯೊರಿಯ ಜೊತೆ ಸತ್ತ ತಕೆದ ನೊಬುಕತ್ಸು ಇಬ್ಬರ ಜೊತೆಗೂ ಗೊಂದಲ.

ಪ್ರಶ್ನೆ: ಜಪಾನಿ ಇತಿಹಾಸದ ಒಂದು ಪುಸ್ತಕವನ್ನು ಅನುವಾದಿಸುತ್ತಿದ್ದೇನೆ. ಹಿದೆಯೊಶಿಯ ಮಗ ಹಿದೆಕತ್ಸು ಎರಡು ಸಲ ಸತ್ತಂತೆ ಕಾಣುತ್ತದೆ. ಇಂಥದ್ದನ್ನು ನಿಭಾಯಿಸುವುದು ಹೇಗೆ? (ಮಂಗಳೂರು)

ಮೂರು ಸಲ ಎಂದು ಎಣಿಸಿಕೊಳ್ಳಿ. ನಗಹಮದಲ್ಲಿ ಹುಟ್ಟಿ 1576ರಲ್ಲಿ ತೀರಿಕೊಂಡ ಎಳೆಯ ಮಗನಿಗೆ ಹಿದೆಕತ್ಸು ಎಂಬ ಹೆಸರಿತ್ತೆಂಬ ಪ್ರತೀತಿ ಇದೆ. ಆಮೇಲೆ ಹಿದೆಯೊಶಿ ತನ್ನ ಒಡೆಯ ನೊಬುನಗನ ಮಗನನ್ನು ದತ್ತು ತೆಗೆದುಕೊಂಡ. ಒತ್ಸುಗಿ ಎಂದು ಕರೆಯುತ್ತಿದ್ದ ಆ ಹುಡುಗನೂ ಹಿದೆಕತ್ಸು. 1582ರಲ್ಲಿ ಕ್ಯೋಟೊದ ದೈತೊಕುಜಿಯಲ್ಲಿ ನಡೆದ ನೊಬುನಗನ ಅಂತ್ಯಕ್ರಿಯೆಯಲ್ಲಿ ಮುಂದೆ ನಿಂತವನು ಅವನೇ. ಅವನೂ ಹೋದ ಮೇಲೆ ಹಿದೆಯೊಶಿಯ ಅಕ್ಕನ ಮಗ, ಕೊಕಿಚಿ ಎಂದು ಕರೆಯುತ್ತಿದ್ದವನು, ಮೂರನೆಯ ಹಿದೆಕತ್ಸು (1569–1592). ಕೊರಿಯಾ ದಂಡಯಾತ್ರೆಯಲ್ಲಿ ಕೊಜೆ ದ್ವೀಪದಲ್ಲಿ ಸತ್ತ. ಅಜೈ ನಗಮಸನ ಮಗಳು ಗೋ ಇವನ ಹೆಂಡತಿ. ಮುಂದೆ ಅವಳು ಎರಡನೆಯ ತೊಕುಗವ ಶೋಗುನ್ ಹಿದೆತದನ ಕೈಹಿಡಿದು ಮೂರನೆಯ ಶೋಗುನ್ ಇಯೆಮಿತ್ಸುವಿನ ತಾಯಿಯಾದಳು. ಅನುವಾದದಲ್ಲಿ ಒತ್ಸುಗಿ ಹಿದೆಕತ್ಸು, ಕೊಕಿಚಿ ಹಿದೆಕತ್ಸು ಎಂದು ಕೊನೆತನಕ ಒಂದೇ ರೀತಿ ಬರೆಯಿರಿ. ಜಪಾನಿ ಇತಿಹಾಸಕಾರರೂ ಹಾಗೆಯೇ ಮಾಡುತ್ತಾರೆ.

ಶಿಮಜು ಮನೆತನ ನಿಮ್ಮ ಪುಸ್ತಕದಲ್ಲಿ ಬಂದರೆ ಇಯೆಹಿಸ ಎಂಬಲ್ಲಿ ನಿಲ್ಲಿ. ಶಿಮಜು ಇಯೆಹಿಸ (1547–1587) ನಾಲ್ವರು ಸೋದರರಲ್ಲಿ ಕೊನೆಯವನು, 1584ರ ಒಕಿತನವತೆ ಯುದ್ಧ ಗೆದ್ದವನು. ಅವನ ಅಣ್ಣ ಯೊಶಿಹಿರೊವಿನ ಮಗ ತದತ್ಸುನೆ (1576–1638) 1606ರಲ್ಲಿ ಇಯೆಯಸುವಿನಿಂದ ‘ಇಯೆ’ ಪಡೆದು ತಾನೂ ಇಯೆಹಿಸ ಆದ, ಚಿಕ್ಕಪ್ಪನ ಅಕ್ಷರಗಳಲ್ಲೇ. 1609ರಲ್ಲಿ ರ್ಯೂಕ್ಯೂ ರಾಜ್ಯದ ಮೇಲೆ ದಂಡು ಕಳಿಸಿದ ಇಯೆಹಿಸ ಈ ಅಣ್ಣನ ಮಗ. ಇವನನ್ನು ಉದ್ದಕ್ಕೂ ತದತ್ಸುನೆ ಎಂದೇ ಕರೆದು, 1606ರ ಸಂದರ್ಭ ಬಂದಾಗ ಹೆಸರು ಬದಲಾದದ್ದನ್ನು ಒಮ್ಮೆ ಹೇಳಿದರೆ ಸಾಕು.

ಪ್ರತಿಯೊಬ್ಬನಿಗೂ ಒಂದು ಚೀಟಿ ಮಾಡಿಕೊಳ್ಳಿ. ಮನೆತನ, ಶಾಖೆಯ ಊರು, ತಂದೆ, ಬಾಲ್ಯದ ಹೆಸರು, ಕರೆಯುವ ಹೆಸರು, ಪಡೆದ ಪದವಿಗಳು ಮತ್ತು ಪಡೆದ ವರ್ಷ, ಹೊತ್ತ ಇಮಿನಗಳು ವರ್ಷದ ಸಮೇತ, ಕಂಜಿ, ಹುಟ್ಟು, ಸಾವು. ಕಂಜಿಯನ್ನು ಕೈಯಿಂದ ನಕಲು ಮಾಡಬೇಡಿ, ಒಂದು ಗೀಟು ತಪ್ಪಿದರೆ ಬೇರೆ ಅಕ್ಷರವಾಗುತ್ತದೆ.

ತಾರೀಖಿನ ಬಗ್ಗೆ ವಿಶೇಷ ಎಚ್ಚರ ಬೇಕು. 1872ರ ಕೊನೆಯವರೆಗೆ ಜಪಾನಿನಲ್ಲಿ ಚಾಂದ್ರಮಾನ ಪಂಚಾಂಗವಿತ್ತು. ಒತ್ಸುಗಿ ಹಿದೆಕತ್ಸು ಸತ್ತದ್ದು ತೆನ್‌ಶೋ ಎಂಬ ಶಕೆಯ 13ನೆಯ ವರ್ಷದ 12ನೆಯ ತಿಂಗಳ 10ರಂದು. ತೆನ್‌ಶೋ 13 ಬಹುಪಾಲು 1585ಕ್ಕೆ ಹೊಂದುತ್ತದೆ, ಈ ದಿನ ಮಾತ್ರ 1586ರ ಜನವರಿ 29. ಇಯೆಹಿಸ ಚಿಕ್ಕಪ್ಪ ಹೆತ್ಸುಗಿಗವದಲ್ಲಿ ಗೆದ್ದದ್ದೂ ಹೀಗೆ ಕೆಲವು ಕಡೆ 1586, ಕೆಲವು ಕಡೆ 1587ರ ಜನವರಿ. ವಯಸ್ಸನ್ನೂ ಹುಟ್ಟಿದಾಗಲೇ ಒಂದು ಎಂದು ಹಿಡಿದು ಪ್ರತಿ ಹೊಸ ವರ್ಷಕ್ಕೆ ಒಂದು ಕೂಡಿಸುತ್ತಿದ್ದರು. ವರ್ಷ ಒಂದು ಹೆಚ್ಚುಕಡಿಮೆ ಇದ್ದ ಮಾತ್ರಕ್ಕೆ ಬೇರೆ ವ್ಯಕ್ತಿಯೆಂದು ತೀರ್ಮಾನಿಸಬೇಡಿ.

ಪ್ರಶ್ನೆ: ಮಿನಮೊತೊ ನೊ ಮಸನೊಬು ಮತ್ತು ಹೊಂದ ಮಸನೊಬು ಸಂಬಂಧಿಗಳೇ? (ಹಾಸನ)

ಅಲ್ಲ. ಮೊದಲನೆಯವನು ಹತ್ತನೆಯ ಶತಮಾನದ ಅರಮನೆ ಮಂತ್ರಿ (920–993), ಫುಜಿವರ ನೊ ಮಿಚಿನಗನ ಮಾವ. ಎರಡನೆಯವನು ಇಯೆಯಸುವಿನ ಆಪ್ತ ಸಲಹೆಗಾರ (1538–1616). ಎರಡೂ ಅಕ್ಷರಗಳಲ್ಲಿ ‘ನೊಬು’ ಮಾತ್ರ ಒಂದೇ.

ಪ್ರಶ್ನೆ: ಈ ಪದ್ಧತಿ ಯಾವಾಗ ನಿಂತಿತು? (ಉಡುಪಿ)

1868ರಲ್ಲಿ ಶೋಗುನ್ ಆಳ್ವಿಕೆ ಮುಗಿದು ಮೇಜಿ ಚಕ್ರವರ್ತಿಯ ಸರ್ಕಾರ ಬಂದ ಮೇಲೆ. 1870ರಲ್ಲಿ ಸಾಮಾನ್ಯ ಜನರಿಗೂ ಮನೆತನದ ಹೆಸರು ಇಟ್ಟುಕೊಳ್ಳಲು ಅನುಮತಿ ಸಿಕ್ಕಿತು, 1875ರಲ್ಲಿ ಅದು ಕಡ್ಡಾಯವಾಯಿತು. ನಡುವೆ 1872ರಲ್ಲಿ ಬಂದ ಆಜ್ಞೆ ನಮ್ಮ ವಿಷಯಕ್ಕೆ ಮುಖ್ಯ: ಕರೆಯುವ ಹೆಸರು, ಇಮಿನ ಎಂದು ಎರಡನ್ನು ಇಟ್ಟುಕೊಳ್ಳುವಂತಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ಕೆಲವರು ಇಮಿನ ಉಳಿಸಿಕೊಂಡರು, ಕೆಲವರು ಕರೆಯುವ ಹೆಸರನ್ನು.

ಆ ಬದಲಾವಣೆಯ ಹೊಸ್ತಿಲಲ್ಲಿ ಎಲ್ಲರಿಗೂ ಪರಿಚಿತನಾದ ಒಬ್ಬನ ಹೆಸರೇ ತಪ್ಪಾಗಿ ದಾಖಲಾಯಿತು. ಆ ಸರ್ಕಾರವನ್ನು ತಂದ ನಾಯಕರಲ್ಲೊಬ್ಬನಾದ ಸೈಗೋವನ್ನು ಎಲ್ಲರೂ ಕಿಚಿನೊಸುಕೆ ಎಂದು ಕರೆಯುತ್ತಿದ್ದರು, ಇಮಿನ ತಕನಗ. ಅರಮನೆಯಿಂದ ಪದವಿ ಕೊಡುವಾಗ ಇಮಿನ ಬೇಕಾಯಿತು, ಅವನು ಅಲ್ಲಿರಲಿಲ್ಲ. ಗೆಳೆಯ ಯೊಶಿಇ ತೊಮೊಜನೆ ನೆನಪಿನಿಂದ ‘ತಕಮೊರಿ’ ಎಂದು ಹೇಳಿಬಿಟ್ಟ. ಅದು ಸೈಗೋವಿನ ತಂದೆಯ ಇಮಿನ. ಜೊತೆಯಲ್ಲಿ ಬೆಳೆದ ಗೆಳೆಯನಿಗೂ ಇಮಿನ ಸರಿಯಾಗಿ ಗೊತ್ತಿರಲಿಲ್ಲ, ಅಷ್ಟು ಕಡಿಮೆ ಬಳಕೆಯ ಹೆಸರು ಅದು. ಸೈಗೋ ಅದನ್ನು ತಿದ್ದಿಸಲಿಲ್ಲ. ಹಾಗಾಗಿ ಇತಿಹಾಸದಲ್ಲಿ ತಂದೆಯೂ ಸೈಗೋ ತಕಮೊರಿ, ಮಗನೂ ಸೈಗೋ ತಕಮೊರಿ. ಕಾಗದದಲ್ಲಿ ‘ಕಿಚಿಬೆಎ’ ಎಂದಿದ್ದರೆ ತಂದೆ, ‘ಕಿಚಿನೊಸುಕೆ’ ಎಂದಿದ್ದರೆ ಮಗ.